ಎರಡನೇ ಫೋನಿನ ಅವ್ವ

ಪೀಣ್ಯದ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ತೂತು ನೋಡುವುದು. ನಗಬೇಡಿ, ಅದಕ್ಕೂ ಸಂಬಳ ಕೊಡುತ್ತಾರೆ. ಯಂತ್ರದ ಬಿಡಿಭಾಗಗಳಲ್ಲಿ ಕೊರೆದ ತೂತಿನ ಅಳತೆ ಸರಿಯಿದೆಯೇ ಎಂದು ಗೇಜು ಹಾಕಿ ನೋಡಬೇಕು. ಗೇಜಿನ ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹದಿನಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇಂಥ ಮನುಷ್ಯ ಫೋನಿನೊಳಗೆ ಒಂದು ಕೋಟೆ ಕಟ್ಟಿಕೊಂಡರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ.

ಕೋಟೆಯೆಂದರೆ ಒಂದು ಮೆಸೇಜ್ ಗ್ರೂಪು. ಚಿತ್ರವಿಲ್ಲ, ಸದ್ದಿಲ್ಲ, ಬರೀ ಬರಹದಲ್ಲಿ ಆಡುವ ಆಟ. ಸೇರಿದವರು ತಮಗೊಂದು ಪಾತ್ರ ಆರಿಸಿಕೊಳ್ಳಬೇಕು: ಕುಂಬಾರ, ಕಾವಲುಗಾರ, ಕುದುರೆ ಪಳಗಿಸುವವಳು, ಏನಾದರೂ ಸರಿ. ಆ ಪಾತ್ರ ಏನು ಮಾಡಿತು, ಏನಂದಿತು ಎಂದು ಅವರು ಬರೆದರೆ ಉಳಿದವರು ತಮ್ಮ ಪಾತ್ರದ ಮೂಲಕ ಉತ್ತರ ಕೊಡುತ್ತಾರೆ. ಹೀಗೇ ಕತೆ ಬೆಳೆಯುತ್ತದೆ. ಫೋನು ಮಾಡುವುದು, ದನಿ ಕಳಿಸುವುದು ನಿಷಿದ್ಧ. ಮಾತು ಕೇಳಿದರೆ ಕೋಟೆ ಕುಸಿದು ಬಾಗಲಗುಂಟೆಯ ಬಸ್ ಸ್ಟಾಪು ಕಾಣುತ್ತದೆಂದು ಆ ನಿಯಮ ಮಾಡಿದ್ದು ನಾನೇ.

ಜನರನ್ನು ಕರೆತರುವುದು ಕಷ್ಟವಲ್ಲ. ಟೀ ಅಂಗಡಿಯ ಕಂಬಕ್ಕೆ ಚೀಟಿ ಅಂಟಿಸಿದರೂ ನಾಲ್ಕು ಜನ ಬರುತ್ತಾರೆ. ಉಳಿಸಿಕೊಳ್ಳುವುದೇ ಪ್ರಾಣಸಂಕಟ. ಹೊಸಬರು ಅಂಜುತ್ತಾ ಒಂದು ಸಾಲು ಬರೆಯುತ್ತಾರೆ. ಯಾರೂ ತಿರುಗಿ ನೋಡದಿದ್ದರೆ ಮದುವೆ ಮನೆಯಲ್ಲಿ ಗುರುತಿನವರಿಲ್ಲದೆ ನಿಂತವರ ಹಾಗೆ ಸ್ವಲ್ಪ ಹೊತ್ತು ನಿಂತು ಹೊರಟುಬಿಡುತ್ತಾರೆ. ಹತ್ತು ನಿಮಿಷದೊಳಗೆ ಯಾರಾದರೂ ಮಾತಾಡಿಸಿದರೆ ಉಳಿಯುತ್ತಾರೆಂದು ನನಗೆ ಬೇಗನೆ ಅರ್ಥವಾಯಿತು. ಆದರೆ ಹಾಗೆ ಮಾತಾಡಿಸುವ ಪುಣ್ಯಾತ್ಮರು ಗ್ರೂಪಿನಲ್ಲಿ ಒಬ್ಬರೂ ಇರಲಿಲ್ಲ.

ಹಾಗಾಗಿ ಹಳೆಯ ಫೋನಿಗೆ ಬೇರೆ ನಂಬರು ಹಾಕಿ ನಾನೇ ಒಬ್ಬ ಆಟಗಾರ್ತಿಯನ್ನು ಹುಟ್ಟಿಸಿದೆ. ಜಾಲಹಳ್ಳಿಯಲ್ಲಿರುವ ನಿವೃತ್ತ ನರ್ಸ್ ಎಂದು ಪರಿಚಯ ಬರೆದೆ. ಕೋಟೆಯಲ್ಲಿ ಆಕೆ ಸೂಲಗಿತ್ತಿ. ಯಾರೇ ಬಾಗಿಲಿಗೆ ಬಂದರೂ ಕರೆದು ಕೂರಿಸಿ ಮಜ್ಜಿಗೆ ಕೊಡುವವಳು. ನನಗೇ ನನ್ನ ಜಾಣತನದ ಮೇಲೆ ಹೆಮ್ಮೆಯಾಯಿತು. ಜನ ಉಳಿದರು, ಕೋಟೆ ತುಂಬಿತು.

ಎರಡು ಫೋನು ಕಂಡ ಹೆಂಡತಿ ಮಾತ್ರ ಬೇರೇನೋ ತಿಳಿದು ಎರಡು ದಿನ ಮಾತು ಬಿಟ್ಟಳು. ಕೊನೆಗೆ ತೋರಿಸಿದೆ. ಓದಿ, "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಈ ವಯಸ್ಸಲ್ಲಿ ಮುದುಕಿ ವೇಷನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ದಿನಗಳಲ್ಲೇ ಕೊಪ್ಪಳದ ಕಡೆಯ ಹುಡುಗಿಯೊಬ್ಬಳು ಸೇರಿದಳು. ಕಾಡುಗೋಡಿಯಲ್ಲಿ ಬಾಡಿಗೆ ರೂಮು, ವೈಟ್‌ಫೀಲ್ಡಿನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಕೋಟೆಯಲ್ಲಿ ಆಕೆ ನೇಕಾರ್ತಿ. "ಬಾಗಲದಾಗ ನಿಂತೀನಿ, ಒಳಗ ಬರ್ಲೇನು?" ಎಂದು ಬರೆದಳು. ಸೂಲಗಿತ್ತಿ ಒಳಗೆ ಕರೆದಳು. ಒಂದು ತಿಂಗಳಲ್ಲಿ ಆಟದ ಹೊರಗೂ ನರ್ಸಿಗೆ ಪ್ರತ್ಯೇಕವಾಗಿ ಬರೆಯತೊಡಗಿದಳು. ತಾಯಿ ತೀರಿಹೋಗಿದ್ದರು. ಜ್ವರ ಬಂದರೆ, ಮೇಲಿನವನು ಬೈದರೆ, ಎಲ್ಲವೂ ನರ್ಸಿಗೆ ವರದಿಯಾಗುತ್ತಿತ್ತು. "ಅವ್ವಾ" ಎಂದು ಕರೆಯಲು ಆಕೆ ಅಪ್ಪಣೆ ಕೇಳಿದಾಗ ನಾನು ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದೆ. ಒಂದು ಕೈಯಲ್ಲೇ "ಹಾಗೇ ಕರೆಯಮ್ಮ, ಅದಕ್ಕೇನು" ಎಂದು ಒತ್ತಿದೆ. ಆ ಕ್ಷಣವೇ ನಿಜ ಹೇಳಿದ್ದರೆ ಆಗುತ್ತಿತ್ತು. ಅವಳು ಹೋದರೆ ಅವಳ ಜೊತೆ ಇನ್ನೂ ನಾಲ್ಕು ಜನ ಹೋದಾರೆಂದು ಸುಮ್ಮನಾದೆ.

ಒಂದು ದಿನ ಅವಳ ಮೆಸೇಜು ಬಂತು. ಅವಳಿಗೆ ಮದುವೆ ಗೊತ್ತಾಗಿತ್ತು. "ಅವ್ವಾ, ಲಗ್ನದಾಗ ನೀವ ಬಂದು ನನಗ ಉಡಿ ತುಂಬಬೇಕ್ರೀ. ನನಗ ಮತ್ತ್ಯಾರದಾರ?" ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ತಾಯಿ ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆ ಹಾಕಿ ಹರಸುವ ಶಾಸ್ತ್ರ ಅದು.

ತಪ್ಪಿಸಿಕೊಳ್ಳಲು ನರ್ಸನ್ನು ವಿಧವೆ ಮಾಡಿದೆ. ನನಗೆ ಗಂಡ ಇಲ್ಲಮ್ಮ, ನಾನು ತುಂಬಬಾರದು ಎಂದು ಬರೆದೆ. "ಅವ್ವಗ ಅದೆಲ್ಲಾ ಏನ್ ನೋಡೂದ್ರೀ. ನಿಮ್ಮ ಕೈಲೇ ಆಗ್ಬೇಕು" ಎಂದಳು. ಹೆಂಡತಿಯ ಮುಂದೆ ಅಂಗಲಾಚಿದೆ, ಒಂದು ಗಂಟೆ ನರ್ಸ್ ಆಗಿ ಬಾ ಎಂದು. ಈ ಸಲ ಅವಳು ನಗಲಿಲ್ಲ.

"ನಿಮ್ಮ ಸುಳ್ಳಿಗೆ ನಾನು ಸೀರೆ ಉಟ್ಕೊಂಡು ಬರ್ಲಾ? ತಾಯಿಲ್ಲದ ಹುಡುಗಿ ಕಣ್ರೀ ಅದು."

ಉಳಿದಿದ್ದು ಒಂದೇ ದಾರಿ ಎನಿಸಿತು. ಟೀ ಬಿಡುವಿನಲ್ಲಿ, ಗ್ರೂಪ್ ನಡೆಸುವವನಾಗಿ, ಸ್ವಂತ ಫೋನಿನಿಂದ ಪ್ರಕಟಣೆ ಹಾಕಿದೆ: ಜಾಲಹಳ್ಳಿಯ ನಮ್ಮ ಹಿರಿಯರು ತೀರಿಕೊಂಡರು, ದೂರದ ಊರಿನಲ್ಲಿ ಮಣ್ಣಾಯಿತು. ಯಾರೂ ಮನೆ ಹುಡುಕಿಕೊಂಡು ಹೋಗದಿರಲೆಂದು ಆ ದೂರದ ಊರು. ಅವತ್ತು ನಾನು ಪಾಸು ಮಾಡಿದ ತೂತುಗಳಿಗೆ ಗ್ಯಾರಂಟಿ ಕೊಡಲಾರೆ.

ಮುಗಿಯಿತು ಅಂದುಕೊಂಡರೆ ಕೋಟೆಯಲ್ಲಿ ಜನಜಾತ್ರೆ. ಆಟ ಬಿಟ್ಟುಹೋದವರೆಲ್ಲ ಅಳುತ್ತಾ ಮರಳಿದರು. ಕುಂಬಾರ ಹಣತೆ ಮಾಡಿದ, ಕಾವಲುಗಾರ ಬಾಗಿಲ ಮೇಲಿನ ಬಾವುಟ ಇಳಿಸಿದ. ಅಷ್ಟು ಚೆಂದದ ಬರಹ ನಮ್ಮಲ್ಲಿ ಹಿಂದೆಂದೂ ಬಂದಿರಲಿಲ್ಲ. ನಾಚಿಕೆಗೇಡು, ನನಗೆ ಖುಷಿಯೂ ಆಯಿತು. ಮೂರನೇ ದಿನ ನೇಕಾರ್ತಿ ನನಗೆ ಬರೆದಳು: "ಸರ್, ಅವ್ವ ಹೋದ ಮ್ಯಾಲೆ ಒಂದು ವರ್ಷ ಶುಭ ಕಾರ್ಯ ಮಾಡಬಾರದ್ರೀ. ಲಗ್ನ ಮುಂದಕ್ಕ ಹಾಕ್ರಿ ಅಂದೀನಿ. ಹುಡುಗನ ಮನಿಯವರು ಒಪ್ಪವಲ್ರು. ಮುರಕೊಂಡ್ರ ಮುರಕೊಳ್ಳಿ."

ಇಲ್ಲದ ತಾಯಿಯ ಸೂತಕಕ್ಕೆ ಇರುವ ಮದುವೆ ಮುರಿಯುವುದರಲ್ಲಿತ್ತು. ಭೇಟಿಯಾಗಬೇಕೆಂದು ಅವಳಿಗೆ ಬರೆದು, ಭಾನುವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಕಾಡುಗೋಡಿಗೆ ಹೋದೆ. ನಿಲ್ದಾಣದ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಕೈಯಲ್ಲೊಂದು ಕವರು, ಒಳಗೆ ಹಸಿರು ಇಳಕಲ್ ಸೀರೆ. ಅವ್ವನಿಗೆಂದು ಕೊಂಡದ್ದು, ಅವರ ಮನೆಯಲ್ಲಿ ಕೊಡಿ ಎಂದು ನೀಡಲು ಬಂದಳು. ನಾನು ಕೈ ಚಾಚದೆ ಎಲ್ಲವನ್ನೂ ಹೇಳಿದೆ.

"ಮತ್ತ ನಾ ಅತ್ತಾಗ, ಸುಮ್ನಿರು ಮಗಳೇ ಅಂತ ಬರದವರು?"

"ನಾನೇ."

"ಎಲ್ಲಿ ಕುಂತು ಬರದ್ರಿ?"

"ಕ್ಯಾಂಟೀನ್‌ನಲ್ಲಿ" ಎಂದೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ಅವಳು ಅಳಲಿಲ್ಲ, ಬೈಯಲಿಲ್ಲ. ಸೀರೆಯ ಕವರನ್ನು ಬಗಲಿಗೆ ಸೇರಿಸಿಕೊಂಡಳು.

"ಸೂತಕ ಇಲ್ಲಂದ್ರ ಲಗ್ನ ಮಾಡ್ಕೋತೀನ್ರೀ. ನಮ್ಮ ದೊಡ್ಡವ್ವ ಉಡಿ ತುಂಬ್ತಾಳ. ಆದ್ರ ನೀವು ಗ್ರೂಪಿನ್ಯಾಗ ಯಾರಿಗೂ ಹೇಳಬ್ಯಾಡ್ರಿ. ಅವರಿಗಾದ್ರೂ ಅವ್ವ ಇದ್ದಳು ಅಂತ ಇರಲಿ. ಮತ್ತ ಬಿಟ್ಟು ಓಡೂದು ಮಾಡಬ್ಯಾಡ್ರಿ, ನಡಸ್ರಿ."

ಅವತ್ತೇ ಅವಳು ಗ್ರೂಪು ಬಿಟ್ಟಳು. ಮದುವೆಯಾಯಿತೆಂದು ಯಾರೋ ಹೇಳಿದರು.

ನಾನು ನಡೆಸುತ್ತಿದ್ದೇನೆ. ಈಗ ಹೊಸಬರನ್ನು ಮಾತಾಡಿಸಲು ನಾನು ಬೇಕಿಲ್ಲ, ಆ ಅಮ್ಮ ಹಾಕಿಕೊಟ್ಟ ಪದ್ಧತಿ ಎಂದು ಹಳಬರೇ ಓಡಿಬರುತ್ತಾರೆ. ಆಟಗಾರರು ಒಬ್ಬರೂ ಬಿಟ್ಟುಹೋಗುತ್ತಿಲ್ಲ. ಹೋಗಬೇಕೆಂದು ಒದ್ದಾಡುತ್ತಿರುವವನು ನಾನೊಬ್ಬನೇ. ಹೋದ ವಾರ ಹೊಸಬಳೊಬ್ಬಳು ಎಲ್ಲರೆದುರು ಕೇಳಿದಳು, "ಸಾರ್, ನೀವು ಆ ಅಮ್ಮನ್ನ ನೋಡಿದ್ರಂತೆ. ಹೇಗಿದ್ರು?" ಕೋಟೆಯೆಲ್ಲ ನನ್ನ ಉತ್ತರಕ್ಕೆ ಕಾಯುತ್ತಿತ್ತು. ತುಂಬಾ ಒಳ್ಳೆಯವರು, ಯಾರಿಗೂ ಸುಳ್ಳು ಹೇಳಿದವರಲ್ಲ ಎಂದು ಬರೆದೆ.