ತೊಗರಿ ಕಟ್ಟಿಗೆಯ ಪೇಟಿ ಹುಡುಕಿಕೊಂಡು ಸೇಡಂಗೆ

ಸಂಕ್ರಾಂತಿ ಮುಗಿದ ಮರುವಾರ ರಾಯಚೂರಿನಲ್ಲಿ ಬೆಳಗಿನ ರೈಲು ಹತ್ತಿದೆ. ಬಲಗೈಯಲ್ಲಿ ಚೀಲ, ಎಡಗೈ ಶಾಲಿನೊಳಗೆ. ಒಂದೂವರೆ ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ಒಬ್ಬಳೇ ಊರು ಬಿಟ್ಟದ್ದು ಇದೇ ಮೊದಲು. ನಮ್ಮವರು ಸ್ಟೇಷನ್ನಿನವರೆಗೆ ಬಂದು, "ನಾನೂ ಬರ್ತೀನಿ" ಎಂದು ಮೂರನೆಯ ಸಲ ಹೇಳಿದರು. ಬೇಡ ಎಂದೆ. ಹೋದ ಕೆಲಸ ಕೈಗೂಡದಿದ್ದರೆ ಆ ಹೊತ್ತಿನ ನನ್ನ ಮುಖವನ್ನು ಅವರು ನೋಡುವುದು ನನಗೆ ಬೇಕಿರಲಿಲ್ಲ.

ನಾನು ಶಾಲೆಯಲ್ಲಿ ಸಂಗೀತ ಕಲಿಸಿದವಳು. ಸಂಜೆ ಮಠದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದೆ. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತೇವೆ. ಬಲಗೈ ಸ್ವರ ಹಿಡಿಯಬೇಕು, ಎಡಗೈ ತಿದಿ ಒತ್ತಿ ಗಾಳಿ ಹಾಕಬೇಕು. ಎಡಗೈಯ ಬೆರಳುಗಳು ಮಡಚಿಕೊಂಡ ಮೇಲೆ ಪೇಟಿಯನ್ನು ಬಟ್ಟೆ ಹೊದಿಸಿ ಅಟ್ಟಕ್ಕೆ ಏರಿಸಿದ್ದಾಯಿತು. ಈಚೆಗೆ ಹಳೆಯ ಶಿಷ್ಯೆಯೊಬ್ಬಳು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಸೇಡಂನ ಶಮೀಮಾ ಎಂಬಾಕೆ ತೊಗರಿ ಕಟ್ಟಿಗೆ, ಒಡೆದ ಮನೆಗಳ ಹಲಗೆ ಇಟ್ಟುಕೊಂಡು ಗಾಳಿಯೇ ಬೇಡದ ಎಲೆಕ್ಟ್ರಾನಿಕ್ ಪೇಟಿ ಮಾಡುತ್ತಿದ್ದರು. ಫೋನ್ ಮಾಡಿ ನನ್ನ ಸ್ಥಿತಿ ಹೇಳಿದೆ. "ಕೈ ನೋಡದೇ ನಾ ಏನೂ ಹೇಳಂಗಿಲ್ರೀ ಅಕ್ಕೋರ. ಬರ್ರಿ" ಎಂದರು.

ನಾಲವಾರದಲ್ಲಿ ಮಠಕ್ಕೆ ಹೋಗಿದ್ದ ಹೆಂಗಸರ ಗುಂಪು ಹತ್ತಿದ ಮೇಲೆ ರೈಲಿನ ಡಬ್ಬಿ ತುಂಬಿಹೋಯಿತು. ವಾಡಿಯಲ್ಲಿ ಇಳಿದು, ಮೇಲ್ಸೇತುವೆಯನ್ನು ನಿಂತು ನಿಂತು ದಾಟಿ, ಸೇಡಂ ಕಡೆಯ ಪ್ಯಾಸೆಂಜರ್ ಹಿಡಿದೆ. ಚಿತ್ತಾಪುರದಲ್ಲಿ ಹಸಿ ಕಡಲೆ ಗಿಡದ ಕಟ್ಟು ಮಾರಲು ಬಂತು. ಇಪ್ಪತ್ತು ರೂಪಾಯಿಯ ಒಂದು ಕಟ್ಟು ಕೊಂಡ ಮೇಲೆ ನೆನಪಾಯಿತು, ಒಂದು ಕೈಯಲ್ಲಿ ಸುಲಿಯಲು ಬರುವುದಿಲ್ಲ. ಎದುರಿಗಿದ್ದ ಮುದುಕಿ ಏನೂ ಕೇಳದೆ ಕಟ್ಟನ್ನು ತನ್ನ ಮಡಿಲಿಗೆ ಎಳೆದುಕೊಂಡು ಸುಲಿಯತೊಡಗಿದಳು. ಎರಡು ಕಾಳು ನನಗೆ, ಒಂದು ತನಗೆ. ಸೇಡಂ ಬರುವಷ್ಟರಲ್ಲಿ ಕಟ್ಟು ಖಾಲಿ.

ಶಮೀಮಾಳ ಅಂಗಡಿ ಬಜಾರಿನ ಒಳಗಿತ್ತು. ಅವಳ ತಂದೆ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ. ಮೂವತ್ತೈದರ ಆಸುಪಾಸಿನ, ಕನ್ನಡಕದ, ಚುರುಕು ಮಾತಿನ ಹೆಂಗಸು. ಒಂದು ಸಲಕ್ಕೆ ಆರೇ ಪೇಟಿ ಮಾಡುತ್ತಾಳೆ. ಗೋಡೆಗೆ ಒರಗಿಸಿದ್ದ ತೊಗರಿ ಕಟ್ಟಿಗೆಯ ಹೊರೆ ತೋರಿಸಿದಳು. "ಕಾಳು ಬಡದು ರಾಶಿ ಆದಮ್ಯಾಲ ಹೊಲದಾಗ ಸುಡ್ತಾರ್ರೀ ಇದನ್ನ. ನಾ ಪುಡಿ ಮಾಡಿ, ಅಂಟು ಹಾಕಿ, ಒತ್ತಿ ಹಲಗಿ ಮಾಡ್ತೀನಿ. ಪ್ಲಾಸ್ಟಿಕ್ ಭಾಳ ಕಮ್ಮಿ." ಹೀಗೆ ಮಾಡಿದ ಪೆಟ್ಟಿಗೆ ಹಿಡಿದರೆ ಹುಲ್ಲಿನ ಬುಟ್ಟಿಯಷ್ಟು ಹಗುರ. ಮೇಲೆ ಬೆರಳಿನಿಂದ ಒತ್ತುವ ಸಾಗವಾನಿಯ ಮನೆಗಳು.

"ಇದು ತಾನೇ ದನಿ ಮಾಡೂದಿಲ್ರೀ. ನಿಮ್ಮ ಬೆರಳು ಏನ್ ಹೇಳ್ತದ, ಅದನ್ನ ಫೋನಿಗೆ ಮುಟ್ಟಸ್ತದ. ದನಿ ಫೋನಿಂದು" ಎಂದು ಸ್ಪೀಕರ್ ಹಚ್ಚಿದಳು.

ಬಲಗೈ ಇಟ್ಟೆ. ಷಡ್ಜ ಬಂತು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಭೂಪ ರಾಗದಲ್ಲಿ ಸರಸರನೆ ಓಡಿದವು. ಆದರೆ ಎರಡೇ ನಿಮಿಷಕ್ಕೆ ನಿಲ್ಲಿಸಿಬಿಟ್ಟೆ. ಒಂದು ಸ್ವರ ಹಿಡಿದರೆ ಮೊದಲಿಂದ ಕೊನೆಯವರೆಗೂ ಒಂದೇ ಮಟ್ಟ. ಗಾಳಿಯ ಪೇಟಿಯಲ್ಲಾದರೆ ತಿದಿಯ ಮೇಲಿನ ಕೈ ಜರಾ ಸಡಿಲಿಸಿದರೆ ದನಿ ತಗ್ಗುತ್ತದೆ, ಒತ್ತಿದರೆ ತುಂಬಿಕೊಳ್ಳುತ್ತದೆ. ಅದೆಲ್ಲ ಇಲ್ಲಿ ಇರಲಿಲ್ಲ. "ಛಲೋ ಮಾಡೀದಿ ಶಮೀಮಾ. ಆದರ ಇದಕ್ಕ ಉಸಿರಿಲ್ಲ" ಎಂದೆ. ಇಷ್ಟು ದೂರ ಬಂದದ್ದು ಇದನ್ನು ಹೇಳುವುದಕ್ಕೇ ಎನಿಸಿ ನಾಚಿಕೆಯೂ ಆಯಿತು.

ಆಕೆ ಬೇಸರಿಸಿಕೊಳ್ಳಲಿಲ್ಲ. ಸ್ಟೂಲನ್ನು ಹತ್ತಿರ ಎಳೆದು ಕೂತು, "ಎಡಗೈ ಕೊಡ್ರಿ" ಎಂದಳು. ಡಾಕ್ಟರರು ಬಿಟ್ಟರೆ ಆ ಕೈಯನ್ನು ಯಾರಿಗೂ ಕೊಟ್ಟಿರಲಿಲ್ಲ. ಶಾಲಿನಿಂದ ಹೊರತೆಗೆದೆ. ಅದರ ಕೆಳಗೆ ತನ್ನ ಅಂಗೈ ಇಟ್ಟು, "ಬೆರಳಿನ ಮಾತು ಬಿಡ್ರಿ. ಮುಂಗೈಲಿಂದ ಒತ್ತಾಕ ಬರ್ತದೇನು?" ಎಂದು ಕೇಳಿದಳು. ಭುಜದಿಂದ ಬಲ ಹಾಕಿ ಒತ್ತಿದೆ.

"ಮತ್ತೊಮ್ಮೆ."

ಒತ್ತಿದೆ.

"ಇಷ್ಟು ಸಾಕ್ರೀ! ಈ ಒತ್ತೂದನ್ನೇ ತಿದಿ ಮಾಡೋಣ. ನಾಳೆ ಚಿಂಚೋಳಿಗಿ ಹೋಗೋಣ, ಬಡಿಗ್ಯಾರ ಹತ್ರ."

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ತುಸು ಹಿಂಜರಿದಳು. "ರೊಟ್ಟಿ, ಪುಂಡಿ ಪಲ್ಯ ಮಾಡೀನ್ರಿ. ನಮ್ಮ ಮನ್ಯಾಗ ನಿಮಗ ನಡೀತದೋ ಇಲ್ಲೋ..." ನನ್ನ ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದರೋ. "ಹಸಿವಿ ಆಗ್ಯಾದ, ಹಾಕು ನಮ್ಮವ್ವಾ" ಎಂದೆ. ಪಲ್ಯ ಎರಡು ಸಲ ಹಾಕಿಸಿಕೊಂಡೆ.

ಆವತ್ತು ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಉಳಿದು, ಮರುದಿನ ಬೆಳಗ್ಗೆ ಪೇಟಿ ಎತ್ತಿಕೊಂಡು ಇಬ್ಬರೂ ಚಿಂಚೋಳಿ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟಿಲ್ಲ. ಚಳಿಗೆ ಕಿಟಕಿ ಮುಚ್ಚಿದರೂ ಗಾಳಿ ಒಳಗೆ ಬರುತ್ತಿತ್ತು. ಎರಡೂ ಕಡೆ ಕೊಯ್ದ ತೊಗರಿ ಹೊಲ, ಅಲ್ಲಲ್ಲಿ ರಾಶಿಯ ಯಂತ್ರ. ಚಿಂಚೋಳಿ ಹತ್ತಿರವಾದಂತೆ ನೆಲ ಕೆಂಪಾಯಿತು.

ಬಡಿಗ ನರಸಪ್ಪನವರದು ಶಮೀಮಾಳ ಎಲ್ಲ ಕಟ್ಟಿಗೆ ಕೆಲಸ. ಕಾಡಿನ ಮರ ಮುಟ್ಟುವುದಿಲ್ಲ. ಕೆಡವಿದ ಮನೆಗಳ ಬಾಗಿಲು, ತೊಲೆ ಕೊಂಡು ತರುತ್ತಾರೆ. ಅರ್ಧ ಕನ್ನಡ, ಅರ್ಧ ತೆಲುಗು. ನನ್ನ ಕೈ ನೋಡಿ, "ಅಮ್ಮಾ, ಅಳತಿ ಪಟ್ಟಿ ಇದಕ್ಕ ನಡ್ಯಾಂಗಿಲ್ಲ" ಎಂದು ಹಿತ್ತಲಿನಿಂದ ಹಸಿ ಮಣ್ಣಿನ ಮುದ್ದೆ ತಂದರು. ಅದರ ಮೇಲೆ ಕೈ ಒತ್ತಿಸಿದರು. ಮಡಚಿದ ಬೆರಳು, ಸೊಟ್ಟಗಾದ ಹೆಬ್ಬೆರಳು, ಎಲ್ಲ ಹಾಗೆಯೇ ಮೂಡಿದವು. ಆ ಅಚ್ಚು ಮುಂದಿಟ್ಟುಕೊಂಡು ಬಾಗಿಲಿನ ಹಲಗೆಯೊಂದನ್ನು ಉಳಿಯಿಂದ ಕೆತ್ತುತ್ತ ಕೂತರು. ಎರಡು ತಾಸು ಹಿಡಿಯಿತು. ನಡುನಡುವೆ ನನ್ನ ಕೈ ಇಡಿಸಿ ನೋಡುವರು, ಮತ್ತೆ ಕೆತ್ತುವರು.

ಶಮೀಮಾ ಆ ಹಲಗೆಯ ಅಡಿಗೆ ಒತ್ತಡ ತಿಳಿಯುವ ತೆಳು ರಬ್ಬರ್ ಹಾಳೆ ಕೂಡಿಸಿ, ಪೇಟಿಯ ಬದಿಗೆ ಜೋಡಿಸಿ, ತಂತಿ ಬೆಸೆದು, ಲ್ಯಾಪ್‌ಟಾಪಿನಲ್ಲಿ ಏನೇನೋ ತಿದ್ದಿದಳು. "ಈಗ ನೋಡ್ರಿ."

ಎಡಗೈ ಆ ಕುಳಿಯಲ್ಲಿ ಹೋಗಿ ಕೂತಿತು. ಬಲಗೈಯಿಂದ ಷಡ್ಜ ಹಿಡಿದೆ, ದನಿ ಇಲ್ಲ. ಎಡಗೈ ಒತ್ತಿದೆ. ದನಿ ಮೆಲ್ಲಗೆ ಎದ್ದಿತು. ಇನ್ನಷ್ಟು ಒತ್ತಿದೆ, ತುಂಬಿತು. ಸಡಿಲಿಸಿದೆ, ತಗ್ಗಿತು. ಹುಮ್ಮಸ್ಸಿನಲ್ಲಿ ಜೋರಾಗಿ ಒತ್ತಿದ್ದೇ ತಡ, ಹಗುರ ಪೇಟಿ ಮೇಜಿನ ಮೇಲೆ ಸರಕ್ಕನೆ ಜಾರಿ ಅಂಚಿಗೆ ಹೋಯಿತು. ನರಸಪ್ಪ ಎರಡೂ ಕೈಯಲ್ಲಿ ಹಿಡಿದರು. "ಇದಕ ಕಾಲ್ ಬಂದಾವಲ್ಲಮ್ಮಾ!" ಮೂವರೂ ನಕ್ಕೆವು. ನಗು ನಿಂತ ಮೇಲೆ ಶಮೀಮಾ, "ತೂಕ ಬೇಕು ಅಕ್ಕೋರ. ಕಬ್ಬಿಣ ನಾ ಹಾಕಂಗಿಲ್ಲ. ನಾಳೆ ಶಹಾಬಾದಿಗಿ ನಡ್ರಿ, ಕಾಸೀಂ ಚಾಚಾ ಹತ್ರ" ಎಂದಳು.

ಮೂರನೆಯ ದಿನ ಸೇಡಂನಿಂದ ವಾಡಿಗೆ ರೈಲು, ಅಲ್ಲಿಂದ ಶಹಾಬಾದಿಗೆ ಆಟೋ. ಬಿಸಿಲು ಏರಿತ್ತು. ಶಮೀಮಾಳ ಚಿಕ್ಕಪ್ಪ ಕಾಸೀಂ ಚಾಚಾ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವವರು. ಅಂಗಳದ ತುಂಬ ಒಡೆದ ಚೂರುಗಳ ಗುಡ್ಡೆ, ಯಾರೂ ಕೊಳ್ಳದವು. ಆ ಗುಡ್ಡೆಯಲ್ಲಿ ತಡಕಾಡಿ ಬೂದು ಬಣ್ಣದ ಒಂದು ಚೂರು ಆರಿಸಿ, ಕತ್ತರಿಸಿ, ನೀರು ಬಿಡುತ್ತ ನುಣುಪು ಮಾಡಿದರು. ಮೊಳೆ ಕೂಡಿಸಲು ಮೂರನೆಯ ತೂತು ಕೊರೆಯುವಾಗ ಅದು ಚಟ್ಟನೆ ಎರಡಾಯಿತು. ನಾನು ಎದ್ದು ನಿಂತೆ. ಚಾಚಾ ಮಾತ್ರ ಮತ್ತೊಂದು ಚೂರು ತೆಗೆದುಕೊಂಡರು. "ಗಡಬಡಿ ಮಾಡಿದ್ದು ನಂದೇ ಗಲತಿ ಅಕ್ಕೋರ. ಕುಂದ್ರಿ, ಚಹಾ ಕುಡೀರಿ." ಈ ಸಲ ಮಷೀನು ಬಂದ್ ಮಾಡಿ ಕೈಯಿಂದಲೇ ಕೊರೆದರು.

ಕಲ್ಲಿನ ಮೇಲೆ ಕೂತ ಪೇಟಿ ಅಲುಗಾಡಲಿಲ್ಲ. ಅಲ್ಲಿಯೇ, ಬೇವಿನ ನೆರಳಲ್ಲಿ, ಚಾಪೆಯ ಮೇಲೆ ಕೂತು ನುಡಿಸಿದೆ. ಕೆಲಸದವರು ಮೈಗೆಲ್ಲ ಬಿಳಿ ಧೂಳಿನೊಂದಿಗೆ ಬಂದು ನಿಂತರು. ಒಂದು ತಾನ್‌ನ ಓಟದಲ್ಲಿ ತಪ್ಪಿದೆ. ನಿಲ್ಲಿಸಿ ಮತ್ತೆ ಹಿಡಿದೆ. ಎಡಗೈ ನಾನು ಹೇಳಿದ್ದನ್ನೆಲ್ಲ ಕೇಳಲಿಲ್ಲ, ಆದರೆ ಕೆಲವನ್ನು ಕೇಳಿತು. ಚಾಚಾ ಟೋಪಿ ತೆಗೆದು ಕಣ್ಣೊರೆಸಿಕೊಂಡರು, ಧೂಳು ಎಂದರು.

ಸಂಜೆ ವಾಡಿ ಪ್ಲಾಟ್‌ಫಾರ್ಮಿನಲ್ಲಿ ನನ್ನ ರೈಲು ಮೊದಲು ಬರುವುದಿತ್ತು. ಎಡ ಭುಜದಿಂದ ಮಣಿಕಟ್ಟಿನವರೆಗೆ ನೋಯುತ್ತಿತ್ತು. ನಾನು ತಿಕ್ಕಿಕೊಳ್ಳುವುದನ್ನು ನೋಡಿ ಶಮೀಮಾ ಗಾಬರಿಯಾದಳು. "ತ್ರಾಸ್ ಆಗ್ಲಿಕತ್ತದೇನ್ರೀ? ಒತ್ತೂದು ಇನ್ನಾ ಹಗುರ ಮಾಡಿಕೊಡ್ತೀನಿ."

"ಬ್ಯಾಡವ್ವಾ" ಎಂದೆ. "ಒಂದೂವರಿ ವರ್ಷ ಸುಮ್ಮ ಬಿದ್ದಿತ್ತು. ಇದು ದುಡದ ನೋವು. ಇರ್ಲಿ."

ರೈಲು ಬಂತು. ಪೋರ್ಟರೊಬ್ಬ ಪೇಟಿಯನ್ನು ಎತ್ತಿಟ್ಟು, "ಇದರಾಗ ಕಲ್ಲ್ ತುಂಬೀರೇನ್ರೀ?" ಎಂದು ಗೊಣಗಿದ. ಹೌದು ಎಂದೆ. ಗಾಡಿ ಕದಲಿದಾಗ ಕಿಟಕಿಯಿಂದ ತಿರುಗಿ ನೋಡಿದೆ. ಶಮೀಮಾ ಕೈ ಬೀಸುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು, ತನ್ನ ಎಡಗೈಯ ಬೆರಳುಗಳನ್ನು ಮಡಚಿಕೊಂಡು, ಮುಂಗೈಯನ್ನು ಬೆಂಚಿಗೆ ಒತ್ತುತ್ತಿದ್ದಳು. ಒತ್ತಿ, ಬಿಟ್ಟು, ಮತ್ತೆ ಒತ್ತಿ, ಎಷ್ಟು ಬಲ ಬೀಳುತ್ತದೆ ಎಂದು ನೋಡುತ್ತಿದ್ದಳು.