ಸಹಿ ಹಾಕದ ಗ್ರಂಥಪಾಲಕಿ

ಮೂವತ್ತೊಂದು ವರ್ಷ ಸಾರ್ವಜನಿಕ ಗ್ರಂಥಾಲಯದ ಸೇವೆಯಲ್ಲಿದ್ದು ಕಳೆದ ತಿಂಗಳು ನಿವೃತ್ತರಾದ ನಮ್ಮ ಗ್ರಂಥಪಾಲಕಿಯವರನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬಹಳ ಬರೆದಿದ್ದಾರೆ. ಪುಸ್ತಕಗಳ ವರ್ಗೀಕರಣದಲ್ಲಿ ಅವರದು ಎತ್ತಿದ ಕೈ ಎಂಬುದನ್ನೂ, ಕಾರ್ಡಿನ ಡ್ರಾಯರುಗಳ ಕಾಲದಿಂದ ಕಂಪ್ಯೂಟರಿನ ಕಾಲಕ್ಕೆ ಗ್ರಂಥಾಲಯವನ್ನು ಒಂದು ದಿನವೂ ಬಾಗಿಲು ಹಾಕದೆ ದಾಟಿಸಿದವರು ಅವರೆಂಬುದನ್ನೂ ವಿದ್ವಾಂಸರು ಹೇಳಿಯಾಗಿದೆ. ಬದುಕೆಲ್ಲ ಬಟ್ಟೆ ಇಸ್ತ್ರಿ ಮಾಡಿ, ಐವತ್ತೆಂಟನೆಯ ವಯಸ್ಸಿಗೆ ರಾತ್ರಿ ಶಾಲೆ ಸೇರಿ ಅಕ್ಷರ ಕಲಿತ ನನ್ನಂಥವಳು ಅದರ ಮೇಲೆ ಹೇಳುವುದೇನೂ ಇಲ್ಲ. ಸಂಪಾದಕರು "ಒಳ್ಳೆಯ ನೆನಪುಗಳನ್ನಷ್ಟೇ ಬರೆಯಿರಿ ಅಮ್ಮ" ಎಂದು ಹೇಳಿ ಕಳಿಸಿದ್ದಾರೆ. ನಾನು ಬರೆಯುತ್ತಿರುವುದು ಒಳ್ಳೆಯ ನೆನಪೇ. ಅದಕ್ಕೆ ಅಂಟಿಕೊಂಡಿರುವ ರಗಳೆಯನ್ನು ಬಿಡಿಸಿ ಪಕ್ಕಕ್ಕಿಡುವ ವಿದ್ಯೆ ಮಾತ್ರ ನನಗೆ ಬಂದಿಲ್ಲ.

ಸದಸ್ಯತ್ವ ಪಡೆಯಲು ಹೋದ ದಿನ ನನ್ನ ಹೆಸರನ್ನು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದಾಗ ಮೇಡಂ ಅವರಿಗೆಲ್ಲ ಬೆಂಚು ತೋರಿಸಿ, "ಕೂತ್ಕೊಳ್ಳಿ. ಅಮ್ಮ ಮೆಲ್ಲಗೆ ಬರೀಲಿ, ಪುಸ್ತಕ ಯಾವುದೂ ಎದ್ದು ಹೋಗಲ್ಲ" ಎಂದರು. ಅಂದಿನಿಂದ ನಮ್ಮ ತರಗತಿಯಲ್ಲಿ ಅವರಿಗೆ 'ಮೆಲ್ಲಗೆ ಮೇಡಂ' ಎಂಬ ಹೆಸರು ಬಿತ್ತು. ಕಣ್ಣು ಮಂಜಾದ ನಮಗಾಗಿ ದೊಡ್ಡ ಮೇಜನ್ನು ಕಿಟಕಿಯ ಬಳಿಗೆ ಎಳೆಸಿದವರು ಅವರೇ. ಸಾಲಿನ ಕೆಳಗೆ ಬೆರಳಿಟ್ಟು ಓದಿದರೆ ನಾಚಿಕೆಪಡಬೇಕಾಗಿಲ್ಲ ಎಂದು ಹೇಳಿಕೊಟ್ಟವರೂ ಅವರೇ.

ಪುಸ್ತಕಗಳು ಎದ್ದು ಹೋಗುವ ಕಾಲವೂ ಆಮೇಲೆ ಬಂತು. ನಮ್ಮ ಪರೀಕ್ಷೆಗೆ ಇಟ್ಟಿದ್ದ ಪುಸ್ತಕವನ್ನು ಪ್ರಕಾಶನ ಕಂಪನಿಯವರು ಅಚ್ಚು ಹಾಕುವುದನ್ನೇ ನಿಲ್ಲಿಸಿ ಇಂಟರ್ನೆಟ್ಟಿಗೆ ಏರಿಸಿದರು. ಗ್ರಂಥಾಲಯದ ಆರು ಟ್ಯಾಬ್‌ಗಳಲ್ಲಿ, ಅವರ ಅನುಮತಿ ಇರುವ ತನಕ, ಅವರು ಹೇಳಿದ ಹಾಗೆ ಓದಬೇಕು. ಒಂದು ಪುಟವನ್ನೂ ಪ್ರಿಂಟ್ ತೆಗೆಯುವಂತಿಲ್ಲ, ಅಕ್ಷರ ದೊಡ್ಡದು ಮಾಡುವಂತಿಲ್ಲ, ಹದಿನೈದನೆಯ ದಿನ ಪುಸ್ತಕ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನೀವು ಯಾವ ವಾಕ್ಯದ ನಡುವೆ ಇದ್ದೀರಿ ಎಂದು ಕೇಳುವುದಿಲ್ಲ. ಬರೆದವರ ಹಕ್ಕು ಬರೆದವರಿಗೆ ಉಳಿಯಬೇಕು, ಕದ್ದು ಅಚ್ಚು ಹಾಕಿ ಮಾರುವವರನ್ನು ಹಿಡಿಯಬೇಕು ಎಂಬುದರಲ್ಲಿ ಮೇಡಂಗೂ ನನಗೂ ಎರಡು ಮಾತಿರಲಿಲ್ಲ. ಆದರೆ ಕಳ್ಳ ಎಲ್ಲೋ ಹಾಯಾಗಿದ್ದ; ಬೀಗ ಬಿದ್ದದ್ದು ನಮ್ಮ ಕಿಟಕಿಯ ಬಳಿಯ ಮೇಜಿಗೆ.

ಪರೀಕ್ಷೆಗೆ ಇಪ್ಪತ್ತಮೂರು ದಿನ ಉಳಿದಿದ್ದಾಗ ಆರೂ ಟ್ಯಾಬ್‌ಗಳ ಮೇಲೆ 'ಪ್ರವೇಶ ತಡೆಹಿಡಿಯಲಾಗಿದೆ' ಎಂದು ಬಂತು. ಒಬ್ಬ ಸದಸ್ಯೆಯ ಸಂಖ್ಯೆಯಿಂದ ಒಂದೇ ತಿಂಗಳಲ್ಲಿ ಆರುನೂರ ಹನ್ನೆರಡು ಸಲ ನಕಲು ಮಾಡುವ ಯತ್ನ ನಡೆದಿದೆಯಂತೆ. ಆ ಸದಸ್ಯೆ ನಾನು.

"ಏನಕ್ಕಾ, ಆರುನೂರು ಸಲ ಕದ್ದೆಯಾ?" ಎಂದಳು ಪಕ್ಕದಲ್ಲಿ ಕೂರುತ್ತಿದ್ದ ಟೈಲರ್ ಗೆಳತಿ. "ಒಂದು ಸಲ ನಂಗೂ ಹೇಳಿದ್ರೆ ಚೀಲ ಹೊಲ್ಕೊಂಡು ಬರ್ತಿದ್ದೆ."

ಮೇಡಂ ಕಂಪನಿಗೆ ಹನ್ನೊಂದು ಇಮೇಲ್ ಬರೆದರು. ಕಳಿಸಿದ ನಿಮಿಷದಲ್ಲೇ 'ನಿಮ್ಮ ಸಹಕಾರಕ್ಕೆ ಧನ್ಯವಾದಗಳು' ಎಂದು ಹನ್ನೊಂದು ಉತ್ತರ ಬಂತು. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಆಟವಾಡಿಸಿ, ಕೊನೆಗೆ ವೆಬ್‌ಸೈಟಿಗೆ ಹೋಗಿ ದೂರು ಕೊಡಿ ಎಂದಿತು ಒಂದು ಧ್ವನಿ. ಆ ವೆಬ್‌ಸೈಟಿನಿಂದಲೇ ನಮ್ಮನ್ನು ಹೊರಗೆ ಹಾಕಿದ್ದರು.

ಹನ್ನೆರಡನೆಯ ದಿನ ಕಂಪನಿಯಿಂದ ತಪಾಸಣೆಯವರೊಬ್ಬರು ಬಂದರು. ಬಂದವರನ್ನು ಮೇಡಂ ನನ್ನ ಪಕ್ಕ ಕೂರಿಸಿ, ಆ ತಪಾಸಣೆಯವರದೇ ಸಂಖ್ಯೆಯಿಂದ ಪುಸ್ತಕ ತೆರೆಸಿ, "ಓದಿ ಅಮ್ಮ, ದಿನಾ ಓದೋ ಹಾಗೆ" ಎಂದರು. ನಾನು ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದೆ. ಕಷ್ಟದ ಪದ ಬಂದಲ್ಲಿ ಬೆರಳು ನಿಂತಿತು. ನಿಂತ ಕೂಡಲೇ ಪದದ ಮೇಲೆ ನೀಲಿ ಬಣ್ಣ ಹರಡಿ, ಬೇಡದಿದ್ದರೂ 'ನಕಲು' ಎಂಬ ಚೌಕ ಎದ್ದು ಬಂತು.

"ಯಾಕಮ್ಮ ಹಾಗೆ ಒತ್ತಿ ಹಿಡೀತೀರ?"

"ಬೆರಳು ತೆಗೆದ್ರೆ ಸಾಲು ತಪ್ಪತ್ತೆ ಸರ್. ತಪ್ಪಿದ್ರೆ ಪುನಃ ಮೇಲಿಂದ ಬರ್ಬೇಕು."

ಆರುನೂರ ಹನ್ನೆರಡರ ಲೆಕ್ಕ ಅವರಿಗೆ ಅರ್ಥವಾಯಿತು, ನಕ್ಕೂ ಬಿಟ್ಟರು. ನಗು ಮುಗಿಸಿ ಒಂದು ನಮೂನೆ ತೆಗೆದರು. ಅದರಲ್ಲಿ ಎರಡೇ ಚೌಕಗಳು: 'ನಕಲು ನಡೆದಿದೆ', 'ನಕಲು ನಡೆದಿದೆ, ಮುಂದೆ ನಡೆಯುವುದಿಲ್ಲ'.

"ಎರಡನೇದಕ್ಕೆ ಟಿಕ್ ಮಾಡಿ ಸಹಿ ಹಾಕಿ ಮೇಡಂ. ಈ ಅಮ್ಮನ ಸದಸ್ಯತ್ವ ತೆಗೆದುಬಿಡಿ. ನಾಳೆ ಬೆಳಗ್ಗೆ ಎಲ್ಲಾ ಓಪನ್ ಆಗತ್ತೆ."

"ನೀವೇ ಕಣ್ಣಾರೆ ನೋಡಿದ್ರಲ್ಲ?"

"ನೋಡಿದೆ. ನೋಡಿದ್ದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ."

ತಾಳ್ಮೆಗೆ ಹೆಸರಾದ ನನಗೂ ಅಂದು ಆ ಕಾಗದವನ್ನು ಇಸ್ತ್ರಿ ಪೆಟ್ಟಿಗೆಯ ಕೆಳಗಿಟ್ಟು ಮರೆತುಬಿಡಬೇಕು ಅನ್ನಿಸಿತು. ಆದರೆ ತರಗತಿಯಲ್ಲಿ ಹದಿನಾಲ್ಕು ಜನರಿದ್ದೆವು. ನಾನೇ ಹೇಳಿದೆ: "ಸಹಿ ಹಾಕಿಬಿಡಿ ಮೇಡಂ. ಉಳಿದವರು ಪಾಸಾಗ್ಲಿ. ನನ್ನದೇನು, ಇಷ್ಟು ವರ್ಷ ಓದದೇನೇ ಇದ್ದೆ."

ಮೇಡಂ ನಮೂನೆಯನ್ನು ತಪಾಸಣೆಯವರ ಕಡೆಗೆ ಸರಿಸಿ ನನಗೆ ಹೇಳಿದರು: "ಓದಿದ್ದಕ್ಕೆ ನಿಮ್ಮನ್ನ ಕಳ್ಳಿ ಅಂತ ನಾನು ಬರೆದುಕೊಟ್ರೆ, ಉಳಿದ ಹದಿಮೂರು ಜನ ನಾಳೆ ಯಾವ ಧೈರ್ಯದ ಮೇಲೆ ಬೆರಳಿಡ್ತಾರೆ?"

ಇದನ್ನು ಎಲ್ಲರೂ ಮೆಚ್ಚಿದರು ಎಂದು ಬರೆದರೆ ಸುಳ್ಳಾಗುತ್ತದೆ. ಟೈಲರ್ ಗೆಳತಿಯೇ ನನ್ನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಮೇಡಂ ಇನ್ನೊಂದು ಗ್ರಂಥಾಲಯದ ಅಟ್ಟದಿಂದ ಅದೇ ಪುಸ್ತಕದ ಹಳೆಯ ಮುದ್ರಣದ ಒಂದು ಪ್ರತಿಯನ್ನು ಹುಡುಕಿ ತಂದು, ಉಳಿದ ಹನ್ನೊಂದು ಮಧ್ಯಾಹ್ನವೂ ಊಟದ ಬಿಡುವಿನಲ್ಲಿ ನಮಗೆ ಗಟ್ಟಿಯಾಗಿ ಓದಿ ಹೇಳಿದರು. ಹೊಸ ಪಾಠಗಳು ನಾಲ್ಕು ಅದರಲ್ಲಿರಲಿಲ್ಲ. ಒಂಬತ್ತು ಜನ ಪಾಸಾದರು, ಗೆಳತಿಯೂ ಸೇರಿ. ನಾನು ಆ ನಾಲ್ಕು ಪಾಠಗಳಲ್ಲೇ ಬಿದ್ದೆ, ಮರುವರ್ಷ ಎದ್ದೆ. ಪರೀಕ್ಷೆ ಮುಗಿದು ನಲವತ್ತು ದಿನಕ್ಕೆ ಟ್ಯಾಬ್‌ಗಳು ಕಾರಣ ಹೇಳದೆ ತಾವಾಗಿಯೇ ತೆರೆದುಕೊಂಡವು. ಕಂಪನಿ ಇಲಾಖೆಗೆ ಕೊಟ್ಟ ದೂರಿನಿಂದ ಮೇಡಂ ಅವರ ಸೇವಾ ಪುಸ್ತಕದಲ್ಲಿ ಮಾತ್ರ 'ಸಹಕರಿಸಲಿಲ್ಲ' ಎಂಬ ಸಾಲು ಉಳಿಯಿತು. ಆ ಸಾಲಿನ ದೆಸೆಯಿಂದ ಮುಖ್ಯ ಗ್ರಂಥಪಾಲಕರ ಹುದ್ದೆ ಅವರ ಕೈಕೆಳಗೆ ಕೆಲಸ ಕಲಿತವರಿಗೆ ಹೋಯಿತು. ಇದನ್ನು ನನಗೆ ಹೇಳಿದವರು ಆ ಹುದ್ದೆ ಪಡೆದವರೇ, ತಲೆ ತಗ್ಗಿಸಿಕೊಂಡು.

ನಿವೃತ್ತಿಗೆ ಒಂದು ವಾರ ಇದ್ದಾಗ ಕಂಪನಿಯಿಂದ ಮತ್ತೆ ಅದೇ ನಮೂನೆ ಬಂದಿತ್ತು. ಸಹಿ ಹಾಕಿದರೆ ಕಡತ ಮುಚ್ಚಿ, ದಾಖಲೆಯ ಆ ಸಾಲನ್ನೂ ತೆಗೆಸುತ್ತಾರಂತೆ. ಮೇಡಂ ಎರಡೂ ಚೌಕಗಳನ್ನು ಖಾಲಿ ಬಿಟ್ಟು, ಅಂಚಿನಲ್ಲಿ ತಮ್ಮ ಕೈಬರಹದಲ್ಲಿ 'ಈ ಸದಸ್ಯೆ ಓದುತ್ತಿದ್ದಾರೆ' ಎಂದು ಬರೆದು ವಾಪಸ್ ಕಳಿಸಿದರು. ಕಂಪ್ಯೂಟರಿಗೆ ಅಂಚಿನ ಬರಹ ಕಾಣುವುದಿಲ್ಲವಂತೆ. ಹಾಗಾಗಿ ಕಡತ ಇನ್ನೂ ತೆರೆದೇ ಇದೆ.

ಮುಂದಿನ ಸೋಮವಾರದಿಂದ ಮೇಡಂ ನಮ್ಮ ರಾತ್ರಿ ಶಾಲೆಗೆ ಪಾಠ ಹೇಳಲು ಬರುತ್ತಾರೆ. ಅವರ ಕಣ್ಣು, ಕೈ, ಧ್ವನಿ ಗಟ್ಟಿಯಾಗಿರಲಿ. ಕಂಪನಿಯವರಿಗೆ ಆ ಕಡತ ಮುಚ್ಚಲು ಎಷ್ಟು ವರ್ಷ ಬೇಕೋ, ಅದಕ್ಕಿಂತ ಒಂದು ವರ್ಷವಾದರೂ ಹೆಚ್ಚು ಅವರು ಬದುಕಿರಲಿ. ಆ ಕಂಪನಿಯ ವೇಗವನ್ನು ಬಲ್ಲ ನಾನು ಹೇಳುತ್ತಿದ್ದೇನೆ, ಇದು ಬಹಳ ದೀರ್ಘವಾದ ಆಯುಸ್ಸು.