ಕ್ಲಿಮೆಶ್ ಮನೆಯ ಒಸೊಲ್ಸೊಬ್ಯೆ

ಯಾವೊರ್ಕ ಊರಿನಲ್ಲಿ ಮನುಷ್ಯನಿಗೆ ಹೆಸರು ಕೊಡುವವನು ಅಪ್ಪನಲ್ಲ, ಪಾದ್ರಿಯಲ್ಲ, ಸರ್ಕಾರವಂತೂ ಅಲ್ಲವೇ ಅಲ್ಲ. ಅವನು ಮಲಗುವ ಮನೆ ಕೊಡುತ್ತದೆ. ನಲವತ್ತೇಳನೇ ನಂಬರಿನದು ಕ್ಲಿಮೆಶ್ ಮನೆ. ಅಲ್ಲಿ ಹುಟ್ಟಿದವರು ಕ್ಲಿಮೆಶ್, ಅಲ್ಲಿಗೆ ಬಂದ ಸೊಸೆಯಂದಿರು ಕ್ಲಿಮೆಶ್, ಬಾಗಿಲಲ್ಲಿ ಬೊಗಳುವ ನಾಯಿಯೂ ಕ್ಲಿಮೆಶ್. ಹೀಗಿರುವಾಗ ಸಾವಿರದ ಒಂಬೈನೂರ ಅರವತ್ಮೂರರಲ್ಲಿ ಆ ಮನೆಗೆ ಮನೆ ಅಳಿಯನಾಗಿ ಬಂದ ಮೆತೊದ್, ತನ್ನ ಹೆಸರು ತನಗೇ ಉಳಿಯುತ್ತದೆ ಎಂದುಕೊಂಡಿದ್ದ. ಇಪ್ಪತ್ತೈದರ ಹುಡುಗ, ಏನು ಬೇಕಾದರೂ ಅಂದುಕೊಳ್ಳಬಹುದು.

ಅವನ ಮನೆತನದ ಹೆಸರು ಒಸೊಲ್ಸೊಬ್ಯೆ. "ಉಪ್ಪು ನೀನೇ ಹಾಕ್ಕೊ" ಎಂದು ಅದರ ಅರ್ಥ. ಚೆಕ್ ದೇಶದ ಈ ಮೊರಾವಿಯಾ ಸೀಮೆಯಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. "ಅವಸರ ಮಾಡಿದ" ಎಂಬ ಹೆಸರಿನವರು ಊರಿಗೆ ಹತ್ತು ಮನೆ, "ವಾಪಸ್ ಬಂದ" ಎಂಬುವರು ಇಪ್ಪತ್ತು ಮನೆ, "ರೊಟ್ಟಿ ತಿನ್ನಬೇಡ" ಎಂಬ ಹೆಸರಿಟ್ಟುಕೊಂಡು ಬೇಕರಿ ನಡೆಸುವವರೂ ಇದ್ದಾರೆ. ಆದರೂ ಮದುವೆಯ ದಿನ ಅತ್ತೆ ಫ್ರಾಂತಿಶ್ಕಾ ಅಳಿಯನ ಕಾಗದಪತ್ರ ನೋಡಿ ಕನ್ನಡಕ ತೆಗೆದಿಟ್ಟಳು.

"ಇದು ಹೆಸರೋ, ಊಟಕ್ಕೆ ಬಂದೋರನ್ನ ಓಡಿಸೋ ಉಪಾಯಾನೋ?" ಎಂದಳು. "ನೋಡಪ್ಪಾ, ಕಾಗದದಲ್ಲಿ ಇರೋದು ನಿಂಗೂ ಕಚೇರಿಗೂ ಬಿಟ್ಟದ್ದು. ಈ ಹೊಸ್ತಿಲು ದಾಟಿದ ಮೇಲೆ ನೀನು ಕ್ಲಿಮೆಶ್."

ಊರು ಒಂದು ದಿನ ನಕ್ಕಿತು, ಎರಡನೆಯ ದಿನ ಮರೆಯಿತು. ಮೂರನೆಯ ದಿನದಿಂದ ಅವನು ಕ್ಲಿಮೆಶ್. ಸಹಕಾರಿ ಜಮೀನಿನ ಟ್ರ್ಯಾಕ್ಟರುಗಳನ್ನು ಮೂವತ್ತೈದು ವರ್ಷ ರಿಪೇರಿ ಮಾಡಿದ. "ಕ್ಲಿಮೆಶ್ ಮುಟ್ಟಿದ್ರೆ ಸತ್ತ ಇಂಜಿನ್ನೂ ಎದ್ದು ಕೂರುತ್ತೆ" ಎಂದು ಜನ ಹೊಗಳಿದರು. ಹೊಗಳಿಕೆ ಅವನಿಗೆ, ಕೀರ್ತಿ ಮಾವನ ಮನೆಗೆ. ಮದುವೆಯಾದ ದಿನದಿಂದ ಕಾಗದದಲ್ಲಿ ಹೆಂಡತಿ ದ್ರಾಹಳೂ ಒಸೊಲ್ಸೊಬ್ಯೆಯೇ. ಆದರೆ ಅವಳನ್ನು ಯಾರಾದರೂ ಹಾಗೆ ಕರೆದಿದ್ದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಅವಳು ಊರಿಗೆಲ್ಲ ಕ್ಲಿಮೆಶಮ್ಮ. ಗಂಡನಿಗೆ ಇದೆಲ್ಲ ಎಲ್ಲಿ ಚುಚ್ಚುತ್ತದೆ ಎಂದು ಅವಳಿಗೆ ಐವತ್ತು ವರ್ಷ ಅರ್ಥವಾಗಲಿಲ್ಲ. ಅವಳ ಹೆಸರನ್ನು ಯಾರೂ ಕಿತ್ತುಕೊಂಡಿರಲಿಲ್ಲವಲ್ಲ.

ಪಿಂಚಣಿ ಬಂದ ಗಂಡಸರು ಮೊಲ ಸಾಕುತ್ತಾರೆ, ಅಣಬೆ ಹುಡುಕುತ್ತಾರೆ, ಹೆಂಡತಿಗೆ ಅಡುಗೆ ಹೇಳಿಕೊಡಲು ಬರುತ್ತಾರೆ. ಮೆತೊದ್ ವಂಶ ಹುಡುಕಲು ಹೊರಟ. ಮೂರು ಚಳಿಗಾಲ ಬಸ್ಸು ಹತ್ತಿ ಬ್ರ್ನೊ ನಗರಕ್ಕೆ ಹೋಗಿ, ಹಳೆಯ ಚರ್ಚುಗಳ ಜನನ ಮರಣದ ಪುಸ್ತಕಗಳನ್ನು ಭೂತಗನ್ನಡಿ ಹಿಡಿದು ಓದಿದ. ಶೀತ ಹಿಡಿಸಿಕೊಂಡು ಬಂದ, ಒಂದು ಸಿದ್ಧಾಂತವನ್ನೂ ತಂದ. ಮೂಲಪುರುಷ ಯಾವುದೋ ಕೋಟೆಯಲ್ಲಿ ಬಾಣಸಿಗನಾಗಿದ್ದನಂತೆ. ದೊರೆ ಸಾರು ಸಪ್ಪೆ ಎಂದನಂತೆ. ಇವನು ಎದೆಯುಬ್ಬಿಸಿ, "ಉಪ್ಪು ನೀವೇ ಹಾಕ್ಕೊಳ್ಳಿ" ಎಂದನಂತೆ.

"ಇದು ಯಾವ ಪುಸ್ತಕದಲ್ಲಿತ್ತು?" ಎಂದು ದ್ರಾಹ ಕೇಳಿದಳು.

"ಪುಸ್ತಕದಲ್ಲಿ ಹೆಸರು ಮಾತ್ರ ಇದೆ. ಉಳಿದಿದ್ದು ಊಹೆ."

"ಹಂಗಾದ್ರೆ ನನ್ನ ಊಹೇನೂ ಕೇಳು. ನಿಮ್ಮ ಮೂಲಪುರುಷ ಮಹಾ ಜಿಪುಣ. ಉಪ್ಪು ತುಟ್ಟಿ ಅಂತ ನೆಂಟರಿಗೆ ಸಪ್ಪೆ ಸಾರು ಬಡಿಸಿದ್ದ. ಬೀದಿಯೋರು ಆಡಿಕೊಂಡ್ರು. ನೀನು ಸಕ್ಕರೆ ಡಬ್ಬಿ ಬಚ್ಚಿಡೋದು ನೋಡಿದ್ರೆ ನಂದೇ ನಿಜ."

ಯಾರದು ನಿಜವೋ, ಸತ್ತವರು ಬಂದು ಹೇಳುವುದಿಲ್ಲ. ಮೆತೊದ್ ವಿವರಿಸುತ್ತಿದ್ದ ಪ್ರಕಾರ, ಮೊದಲು ಜನ ಮನೆ ಬದಲಾಯಿಸಿದಾಗ ಹೆಸರೂ ಬದಲಾಗುತ್ತಿತ್ತು. ಆಮೇಲೆ ಒಬ್ಬ ಶಿಸ್ತಿನ ಚಕ್ರವರ್ತಿ ಬಂದ. ಅವನಿಗೆ ತೆರಿಗೆ ಬೇಕು, ಸೈನಿಕರು ಬೇಕು. ಇಂದು ಒಂದು, ನಾಳೆ ಇನ್ನೊಂದು ಹೆಸರಾದರೆ ಹಿಡಿಯುವುದು ಯಾರನ್ನು? ಇನ್ನು ಮುಂದೆ ಇದ್ದ ಹೆಸರೇ ಕಾಯಂ ಎಂದು ಅಪ್ಪಣೆಯಾಯಿತು. ಯಾವನೋ ಒಂದು ಮಧ್ಯಾಹ್ನ ಬಡಿಸಿದ ಸಪ್ಪೆ ಸಾರಿಗೆ ಇಡೀ ವಂಶ ಇನ್ನೂರು ವರ್ಷಗಳಿಂದ ನಗೆಪಾಟಲಾಗುತ್ತಿದೆ. ಆ ಅಪ್ಪಣೆ ಯಾವೊರ್ಕ ಊರಿಗೆ ಮಾತ್ರ ಇನ್ನೂ ತಲುಪಿಲ್ಲ ಎಂಬುದೇ ಮೆತೊದ್‌ನ ದುಃಖ.

ದೇಶದಲ್ಲಿ ಈ ಹೆಸರಿನವರು ಎಷ್ಟು ಜನ ಎಂದು ಟೆಲಿಫೋನ್ ಪುಸ್ತಕಗಳನ್ನು ಇಟ್ಟುಕೊಂಡು ಎಣಿಸಿದ. ಬೀದಿಗೊಬ್ಬರಂತೆ ಇರುವ ನೊವಾಕ್‌ಗಳು ಹಾಳೆ ಹಾಳೆಯಾಗಿ ಸಿಕ್ಕರು. ತನ್ನವರೆಲ್ಲ ಸೇರಿದರೆ ಒಂದು ಚರ್ಚು ತುಂಬಬಹುದು, ಅದೂ ಬಹುಪಾಲು ಬ್ರ್ನೊ ಸುತ್ತಮುತ್ತಲಿನವರೇ, ಎಂದು ಅವನ ಲೆಕ್ಕ. ಎಲ್ಲರಿಗೂ ಕಾಗದ ಬರೆದು ಒಂದು ಸಮಾವೇಶ ಕರೆದ. ಏಳು ಜನ ಬಂದರು. ಹೋಟೆಲಿನ ಮಾಣಿ ಸಾರು ತಂದಿಟ್ಟು, "ಉಪ್ಪು ನೀವೇ..." ಎಂದು ಹಲ್ಲು ಕಿರಿದ. ಹುಟ್ಟಿದಾಗಿನಿಂದ ಇದನ್ನೇ ಕೇಳಿದ ಏಳೂ ಜನ ಒಟ್ಟಿಗೆ ನಕ್ಕರು, ಒಟ್ಟಿಗೆ ನಿಲ್ಲಿಸಿದರು. ವಂಶದ ಒಗ್ಗಟ್ಟು ಎಂದು ಕಂಡದ್ದು ಅಷ್ಟೇ. ಮೆತೊದ್‌ಗೆ ಗಂಡು ಮಕ್ಕಳಿರಲಿಲ್ಲ. ಮಗಳು ಯರ್ಮಿಲಾ ಗಂಡನ ಹೆಸರು ತೆಗೆದುಕೊಂಡು ಪಟ್ಟಣದಲ್ಲಿದ್ದಳು. ತನ್ನ ಕವಲು ತನ್ನೊಂದಿಗೇ ಮುಗಿಯುತ್ತದೆ ಎಂಬುದು ಅಂದು ಅವನಿಗೆ ಗಟ್ಟಿಯಾಯಿತು.

ಇನ್ನು ಉಳಿದದ್ದು ಕಲ್ಲು. ಸ್ಮಶಾನದಲ್ಲಿ ಕ್ಲಿಮೆಶ್ ಕುಟುಂಬದ ಕರಿ ಕಲ್ಲಿತ್ತು. ಅದರ ಮೇಲೆ ದ್ರಾಹಳ ಹೆಸರು, ಹುಟ್ಟಿದ ವರ್ಷ ಆಗಲೇ ಕೆತ್ತಿ, ಪಕ್ಕದಲ್ಲಿ ಇನ್ನೊಂದು ವರ್ಷಕ್ಕೆ ಜಾಗ ಬಿಟ್ಟಿದ್ದರು. ಊರಿನ ಮುಂದಾಲೋಚನೆ ಅಂಥದ್ದು. ಮೆತೊದ್‌ಗೂ ಅಲ್ಲೇ ಒಂದು ಸಾಲು ಕಾಯ್ದಿರಿಸಿತ್ತು. ಅವನು ಯಾರಿಗೂ ಹೇಳದೆ ಸ್ಮಶಾನದ ಆಚೆ ಮೂಲೆಯಲ್ಲಿ ಹೊಸ ಜಾಗ ಕೊಂಡ. ಹೊಸ ಕಲ್ಲು ತರಿಸಿದ. ಗೇಟಿನಲ್ಲಿ ನಿಂತವರು ಕನ್ನಡಕವಿಲ್ಲದೆ ಓದಬೇಕು ಎಂದು ಅಳತೆ ಕೊಟ್ಟು, ಒಸೊಲ್ಸೊಬ್ಯೆ ಎಂದು ಅಂಗೈ ಅಗಲದ ಅಕ್ಷರಗಳಲ್ಲಿ ಕೆತ್ತಿಸಿದ.

ದ್ರಾಹ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ನನ್ನ ಪಕ್ಕ ಮಲಗೋದು ನಿಂಗೆ ಬೇಡ್ವಾ?" ಎಂದಳು.

"ನೀನೇ ಈ ಕಡೆ ಬಾ."

"ಅಪ್ಪ, ಅಮ್ಮನ್ನ ಬಿಟ್ಟು?"

"ನಾನೂ ಬಿಟ್ಟೇ ಬಂದಿದ್ದೆ, ದ್ರಾಹ."

ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಎಪ್ಪತ್ತೇಳನೇ ವಯಸ್ಸಿನಲ್ಲಿ ಎದೆನೋವು ಬಂದು ಅವನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ದ್ರಾಹ ಮಗಳ ಮನೆಯಲ್ಲಿ ಉಳಿದಳು. ಕ್ಲಿಮೆಶ್ ಮನೆಗೆ ಬೀಗ ಬಿತ್ತು. ಮಗಳ ಮನೆಗೆ ಹೋಗಿದ್ದಾರೆ ಎಂದು ಊರು ಅಂದುಕೊಂಡಿತು. ಒಂದು ಮಧ್ಯಾಹ್ನ ಮೆತೊದ್ ಮಗಳ ಕೈಗೆ ಪೆನ್ನು ಕೊಟ್ಟು, ಅಂಗಡಿ ಬಾಗಿಲಿಗೆ ಅಂಟಿಸುವ ತನ್ನ ಸಾವಿನ ಕಾಗದವನ್ನು ತಾನೇ ಹೇಳಿ ಬರೆಸಿದ.

"ಕ್ಲಿಮೆಶ್ ಅನ್ನೋ ಪದ ಎಲ್ಲೂ ಬರಕೂಡದು. ಹೆಂಡತಿ, ಮಗಳು, ಅಳಿಯ, ಯಾರ ಹೆಸರೂ ಬೇಡ. ಇಡೀ ಹಾಳೆ ನಂಗೇ ಬೇಕು."

"ಅಪ್ಪಾ, ಯಾರು ಸತ್ತಿದ್ದು ಅಂತ ಊರಿಗೆ ಗೊತ್ತಾಗ್ಬೇಕಲ್ಲ" ಎಂದಳು ಯರ್ಮಿಲಾ.

"ಮೂವತ್ತೈದು ವರ್ಷ ಅವರ ಟ್ರ್ಯಾಕ್ಟರ್ ಕೆಳಗೆ ಬಿದ್ದಿದ್ದೀನಿ. ಗೊತ್ತಾಗುತ್ತೆ."

"ಯಾರೂ ಬರಲ್ಲ ನೋಡು" ಎಂದಳು ದ್ರಾಹ.

"ಬರ್ತಾರೆ. ಒಂದು ಸಲಾನಾದ್ರೂ ನನ್ನ ಹೆಸರಿಗೆ ಬರ್ತಾರೆ. ಮಾತು ಕೊಡು."

ಸಾಯುವವನ ಎದುರು ವಾದ ಮಾಡುವಷ್ಟು ಗಟ್ಟಿಯಾಗಿರಲಿಲ್ಲ ಅವಳು. ಮಾತು ಕೊಟ್ಟಳು. ಯಾವೊರ್ಕದಲ್ಲಿ ಮನುಷ್ಯನ ಬೆಲೆ ಗೊತ್ತಾಗುವುದು ಅವನ ಹೆಣದ ಹಿಂದೆ ನಡೆದವರ ತಲೆ ಎಣಿಸಿದಾಗ. ಅವಳ ಅಪ್ಪನಿಗೆ ಮುನ್ನೂರು ಜನ ಬಂದಿದ್ದರು. ಗಂಡನಿಗೂ ಅಷ್ಟು ಬರಲಿ ಎಂಬುದಷ್ಟೇ ಅವಳ ಆಸೆ. ಅವನು ತೀರಿಕೊಂಡ ಮೇಲೆ, ಮಣ್ಣಿಗೆ ಬರುವವರಿಗೆಂದು ಮಗಳ ಅಡುಗೆಮನೆಯಲ್ಲಿ ಪ್ಲಮ್ ಹೂರಣದ ಕೊಲಾಚ್ ರೊಟ್ಟಿ ಇನ್ನೂರು ಬೇಯಿಸಿದಳು.

ಬುಧವಾರ ಕಾಗದ ಅಂಗಡಿ ಬಾಗಿಲಿಗೆ ಬಂತು. ಗುರುವಾರ ಬೆಳಿಗ್ಗೆ ಕಂಬದ ಮೇಲಿನ ಮೈಕುಗಳಲ್ಲಿ ಒಂದು ಪೋಲ್ಕಾ ಕುಣಿತದ ಹಾಡು ಹಾಕಿ, ಊರಿಗೆ ಹೊಸಬಳಾದ ಪಂಚಾಯಿತಿ ಕಚೇರಿಯ ಹುಡುಗಿ, ಕೋಳಿಮರಿ ಮಾರುವ ಗಾಡಿ ಹತ್ತು ಗಂಟೆಗೆ ಬರುತ್ತದೆಂದೂ, ಶ್ರೀ ಮೆತೊದ್ ಒಸೊಲ್ಸೊಬ್ಯೆಯವರ ಅಂತ್ಯಕ್ರಿಯೆ ಶುಕ್ರವಾರ ಎರಡಕ್ಕೆಂದೂ ಒಂದೇ ದನಿಯಲ್ಲಿ ಓದಿದಳು. ಊರು ಕೋಳಿಮರಿ ಕೊಂಡಿತು.

ಶುಕ್ರವಾರ ಹೆಣದ ಗಾಡಿಯ ಹಿಂದೆ ಮುಖಕ್ಕೆ ಕಪ್ಪು ಪರದೆ ಇಳಿಬಿಟ್ಟ ದ್ರಾಹ, ಮಗಳು, ಅಳಿಯ. ಚರ್ಚಿನಲ್ಲಿ ಐದು ಹಳ್ಳಿಗೆ ಒಬ್ಬನೇ ಆದ ಪಾದ್ರಿ, ಪಕ್ಕದೂರಿನಿಂದ ಕರೆತಂದ ವಾದ್ಯದವಳು. ಬೆಂಚುಗಳು ಬಾಗಿಲ ತನಕ ಖಾಲಿ. ದ್ರಾಹ ಪ್ರತಿ ಸದ್ದಿಗೂ ಹಿಂದಿರುಗಿ ನೋಡಿದಳು. ಒಮ್ಮೆ ಗಾಳಿ, ಒಮ್ಮೆ ಬೆಕ್ಕು. ಸ್ಮಶಾನಕ್ಕೆ ಹೋಗುವಾಗ ಹೆಂಡದಂಗಡಿಯ ಮುಂದೆ ನಿಂತವರು ದೂರದಿಂದಲೇ ಟೋಪಿ ತೆಗೆದರು. ಅಪರಿಚಿತರ ಹೆಣಕ್ಕೂ ಟೋಪಿ ತೆಗೆಯುವ ಸಂಸ್ಕಾರ ಊರಿಗಿದೆ, ಹತ್ತಿರ ಬಂದು ನೋಡುವ ಸಂಸ್ಕಾರವಿಲ್ಲ. ಅವಳಿಗೆ ಸಿಟ್ಟು ಊರಿನ ಮೇಲೆ ಬಂತು, ಗಂಡನ ಮೇಲೆ ಬಂತು, ಕೊನೆಗೆ ಮಾತು ಕೊಟ್ಟ ತನ್ನ ಬಾಯಿಯ ಮೇಲೆ ಬಂತು. ಕಪ್ಪು ಪರದೆಯೊಳಗೆ ಸದ್ದಿಲ್ಲದೆ ಅತ್ತಳು.

ಸಂಜೆ ಐದಕ್ಕೆ ಕ್ಲಿಮೆಶ್ ಮನೆಯ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಬೊಹುಶ್ ಮತ್ತು ವೆಂದೆಲಿನ್. ಇಬ್ಬರೂ ಮೆತೊದ್‌ನ ಜೊತೆ ಇಪ್ಪತ್ತು ವರ್ಷದಿಂದ ಪ್ರತಿ ಶುಕ್ರವಾರ ಇಸ್ಪೀಟು ಆಡಿದವರು. ಅದು ಮೂವರೇ ಆಡುವ ಆಟ.

"ಎಲ್ಲಿ ಕ್ಲಿಮೆಶಮ್ಮಾ ನಿನ್ನ ಗಂಡ?" ಎಂದ ಬೊಹುಶ್. "ಎರಡು ವಾರದಿಂದ ಪತ್ತೆ ಇಲ್ಲ. ಮಗಳ ಮನೆ ಊಟ ಅಷ್ಟು ರುಚಿಯಾ? ಈಗ ದೀಪ ಕಂಡು ಬಂದ್ವಿ. ಕಳ್ಸು, ನಾವಿಬ್ರೇ ಎಷ್ಟಂತ ಮುಖ ಮುಖ ನೋಡ್ಕೊಂಡು ಕೂರೋದು?"

ಆಮೇಲೆ ಅವಳ ಕಪ್ಪು ಬಟ್ಟೆ ಕಂಡಿತು.

"ಮಧ್ಯಾಹ್ನ ಹೂತಿದ್ದು ಅವನನ್ನೇ" ಎಂದಳು ದ್ರಾಹ. "ನೀವು ಟೋಪಿ ತೆಗೆದ್ರಲ್ಲ. ಅವನಿಗೇ."

ವೆಂದೆಲಿನ್ ಮೆಟ್ಟಿಲ ಮೇಲೆ ಕೂತ. ಬೊಹುಶ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಆ ಕಾಗದ ನಾನು ಓದ್ದೆ" ಎಂದ. "ಬ್ರ್ನೊದಿಂದ ರಜಕ್ಕೆ ಬರೋ ಜನರಲ್ಲಿ ಯಾರೋ ಇರ್ಬೇಕು, ಸ್ಮಶಾನದ ಆ ಹೊಸ ಕಲ್ಲೂ ಅವರದ್ದೇ ಅಂದ್ಕೊಂಡೆ. ಅಂಗಡಿ ಮುಂದೆ ನಿಂತು, 'ಪಾಪ, ಏನು ಹೆಸರಪ್ಪಾ ಇದು' ಅಂತ ಎಲ್ಲರಿಗೂ ಓದಿ ಹೇಳ್ದೆ. ನಕ್ಕೆ ಕಣಮ್ಮಾ. ನನ್ನ ಗೆಳೆಯ ಸತ್ತಿದ್ದು ಓದಿ ನಕ್ಕೆ."

ಅವಳು ಅವರಿಗೆ ರೊಟ್ಟಿ ಕೊಟ್ಟಳು, ಪ್ಲಮ್ ಸಾರಾಯಿ ಕೊಟ್ಟಳು. ಮೂರನೆಯ ಲೋಟಕ್ಕೂ ಸುರಿದು ಮೇಜಿನ ಮೇಲಿಟ್ಟಳು. ಆ ಲೋಟವನ್ನು ಇಬ್ಬರೂ ಮುಟ್ಟಲಿಲ್ಲ.

ಶನಿವಾರ ಬೆಳಿಗ್ಗೆ ದ್ರಾಹ ಕಚೇರಿಗೆ ಹೋಗಿ, ಹುಡುಗಿಯನ್ನು ಪಕ್ಕಕ್ಕೆ ಸರಿಸಿ, ಮೈಕಿನ ಮುಂದೆ ಕೂತಳು. ಪೋಲ್ಕಾ ಬೇಡ ಎಂದಳು.

"ನಾನು ನಲವತ್ತೇಳರ ದ್ರಾಹ ಮಾತಾಡ್ತಿರೋದು. ನಿಮ್ಮ ಕ್ಲಿಮೆಶ್ ಸತ್ತು ಹೋದ. ಮಣ್ಣೂ ಆಯ್ತು. ಅವನ ಹೆಸರು ಒಸೊಲ್ಸೊಬ್ಯೆ. ಐವತ್ತೆರಡು ವರ್ಷ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾಳೆ ಪೂಜೆ ಮುಗಿದ ಮೇಲೆ ಸ್ಮಶಾನಕ್ಕೆ ಬನ್ನಿ. ಬರೋಕೆ ಮುಂಚೆ ಮನೇಲಿ ಹೆಸರು ಬಾಯಿಪಾಠ ಮಾಡಿ. ಬರ್ದೇ ಇದ್ರೆ ಬರಲೇಬೇಡಿ."

ಭಾನುವಾರ ಇಡೀ ಊರು ಬಂತು. ಅಗ್ನಿಶಾಮಕ ದಳದವರು ಸಮವಸ್ತ್ರದಲ್ಲಿ, ತುತ್ತೂರಿಯವರು ತುತ್ತೂರಿಯ ಜೊತೆಗೆ. ಒಬ್ಬೊಬ್ಬರೇ ಬಂದು ಕೈ ಕುಲುಕಿ, ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಹೆಸರು ಒಪ್ಪಿಸಿ ಹೋದರು. ದ್ರಾಹ ಮುನ್ನೂರು ದಾಟುವವರೆಗೆ ಎಣಿಸಿ ಬಿಟ್ಟಳು. ಎದೆಯ ಮೇಲಿನ ಒಂದು ಭಾರ ಇಳಿಯಿತು. ಅಷ್ಟರಲ್ಲಿ ಗೇಟು ದಾಟುತ್ತಿದ್ದ ಹೆಂಗಸರು ತಮ್ಮ ತಮ್ಮಲ್ಲೇ, "ಪಾಪ, ಎಂಥಾ ಒಳ್ಳೆ ಮನುಷ್ಯ ಕ್ಲಿಮೆಶ್" ಎನ್ನುವುದು ಕೇಳಿಸಿತು. ಪಾಠ ಗೇಟಿನ ತನಕ ಉಳಿದಿತ್ತು, ಅದೇ ದೊಡ್ಡದು.

ಸೋಮವಾರ ಅವಳು ಕಲ್ಲು ಕೆತ್ತುವವನನ್ನು ಕರೆಸಿದಳು. ಮೊದಲು ಅಪ್ಪ ಅಮ್ಮನ ಕರಿ ಕಲ್ಲಿನ ಮುಂದೆ ನಿಂತು, "ಇಲ್ಲಿರೋ ನನ್ನ ಹೆಸರು ಅಳಿಸು" ಎಂದಳು. ಆಮೇಲೆ ಆಚೆ ಮೂಲೆಗೆ ಕರೆದುಕೊಂಡು ಹೋದಳು.

ಅವನು ಗಂಡನ ಕಲ್ಲನ್ನು ಅಳೆದು, ತಲೆ ಕೆರೆದುಕೊಂಡ. "ಇಲ್ಲಿ ಎಲ್ಲಿ ಜಾಗ ಇದೆ ಕ್ಲಿಮೆಶಮ್ಮಾ? ಮಹಾರಾಯ ಅಕ್ಷರ ಎಷ್ಟು ದೊಡ್ಡದು ಕೆತ್ತಿಸಿದ್ದಾನೆ ಅಂದ್ರೆ, ಇಡೀ ಕಲ್ಲು ಅವನದೇ ಆಗೋಗಿದೆ. ಕೆಳಗೆ ನಾಲ್ಕು ಬೆರಳು ಬಿಟ್ಟಿದ್ದಾನೆ, ಅಷ್ಟೇ. ನಿನ್ನ ಪೂರ್ತಿ ಹೆಸರು ಹಿಡಿಸಲ್ಲ."

"ಪೂರ್ತಿ ಯಾಕೆ?" ಎಂದಳು ಅವಳು. "ಆ ನಾಲ್ಕು ಬೆರಳಲ್ಲಿ ದ್ರಾಹ ಅಂತ ಕೆತ್ತು, ಸಾಕು. ಉಳಿದಿದ್ದು ಮೇಲೆ ಇದೆಯಲ್ಲ, ಅದೇ ನಂದೂ."